ಸೆನ್ಸರ್ ಹಾಕಿಸೋ ಮೊದಲು, ಮಗಾ

ಬೈರಮಂಗಲದ ಮನೆಗೆ ಸೆನ್ಸರು, ಕ್ಯಾಮೆರಾ ಎಲ್ಲ ತರಿಸಿದ್ದೀಯಂತೆ, ಭಾನುವಾರ ಬಂದು ಗೋಡೆಗೆ ಹಾಕಿಸ್ತೀಯಂತೆ ಅಂತ ನಿಮ್ಮವ್ವ ಹೇಳಿದಳು. ಸಂತೋಷ ಆಯ್ತು. ದೂರದಲ್ಲಿದ್ದರೂ ಅಪ್ಪ-ಅವ್ವನ ಚಿಂತೆ ನಿನ್ನ ತಲೇಲಿದೆ. ನಿಮ್ಮ ದೊಡ್ಡಮ್ಮ ಆರೋಗ್ಯ ಇಲಾಖೆಯಲ್ಲಿ ನರ್ಸಮ್ಮನಾಗಿ ಈ ಸೀಮೆಯ ಮನೆಮನೆ ತಿರುಗಿದವಳು. ಯಾರ ಮನೆ ಬಚ್ಚಲು ಎಲ್ಲಿದೆ, ಯಾವ ಹೊಸಲಿಗೆ ಮುದುಕರು ಎಡವ್ತಾರೆ ಅಂತ ನನಗೆ ಗೊತ್ತು. ಆ ಸಲಿಗೆಯಿಂದ ನಾಲ್ಕು ಮಾತು ಹೇಳ್ತೀನಿ, ಕೇಳು.

ಸೆನ್ಸರ್ ಸುದ್ದಿ ಮುಟ್ಟಿಸುತ್ತೆ, ಕೈಹಿಡಿದು ಎಬ್ಬಿಸಲ್ಲ. ನಿಮ್ಮಪ್ಪ ರಾತ್ರಿ ಎರಡು ಗಂಟೆಗೆ ಬಚ್ಚಲಲ್ಲಿ ಜಾರಿಬಿದ್ದರು ಅಂತಿಟ್ಕೊ. ಎಲೆಕ್ಟ್ರಾನಿಕ್ ಸಿಟಿಯ ನಿನ್ನ ರೂಮಿನಲ್ಲಿ ಫೋನ್ ಬಡ್ಕೊಳ್ಳುತ್ತೆ. ನೀನು ಎದ್ದು, ಗಾಡಿ ತೆಗೆದು, ನೈಸ್ ರಸ್ತೆ ಹಿಡಿದು, ಬಿಡದಿಗೆ ಬಂದು ಊರು ಮುಟ್ಟೋ ಹೊತ್ತಿಗೆ ಎಷ್ಟಾಗಿರುತ್ತೆ? ವಯಸ್ಸಾದವರಿಗೆ ಬಿದ್ದ ಪೆಟ್ಟು ಒಂದು ತೂಕವಾದರೆ, ಬಿದ್ದಲ್ಲೇ ಗಂಟೆಗಟ್ಟಲೆ ಬಿದ್ದಿರೋದು ಇನ್ನೊಂದು ತೂಕ. ಮೈ ತಣ್ಣಗಾಗುತ್ತೆ, ಬಾಯಿ ಒಣಗುತ್ತೆ, ಒಂದೇ ಮಗ್ಗುಲಲ್ಲಿ ಒತ್ತಿಹೋದ ಮಾಂಸಖಂಡ ನಲುಗಿ ಅದರ ವಿಷ ಮೂತ್ರಪಿಂಡಕ್ಕೆ ಇಳಿಯುತ್ತೆ. ಹಾಗಾಗಿ ಗೋಡೆಗೆ ಮೊಳೆ ಹೊಡೆಯೋ ಮೊದಲು ಆ ಕೂಗಿಗೆ ಓಡಿ ಬರೋ ಜನ ಯಾರು ಅಂತ ಗೊತ್ತುಮಾಡ್ಕೊ.

ಒಬ್ಬರು ಸಾಲದು. ಅಕ್ಕಪಕ್ಕದಲ್ಲಿ ಇಬ್ಬರು, ಅದೇ ಬೀದೀಲಿ ಗಾಡಿ ಇರೋನು ಒಬ್ಬ. ಬೆಳಗಿನ ಜಾವ ಡೈರಿಗೆ ಹಾಲು ಹಾಕೋಕೆ ಹೇಗೂ ಎದ್ದಿರ್ತಾರಲ್ಲ, ಅಂಥವರನ್ನ ನೋಡು. ಅವರ ಮನೆಗೆ ನೀನೇ ಹೋಗಿ, ಕೂತು, ಬಾಯಿಬಿಟ್ಟು ಕೇಳು. ಫೋನಿನಲ್ಲಿ ನಂಬರ್ ಸೇರಿಸ್ಕೊಂಡು ಮೆಸೇಜ್ ಕಳಿಸಿಬಿಟ್ಟರೆ ಅದು ಕೇಳಿದ ಹಾಗಲ್ಲ. ಹಿಂಬಾಗಿಲ ಬೀಗದ ಕೈ ಒಂದು ಅವರ ಹತ್ತಿರ ಇರಲಿ. ಬಂದವರು ಏನು ಮಾಡಬೇಕು, ಏನು ಮಾಡಬಾರದು ಅಂತಲೂ ಹೇಳಿಕೊಡು. ಬಿದ್ದವರನ್ನ ಕಂಕುಳಿಗೆ ಕೈ ಹಾಕಿ ದಡಕ್ಕನೆ ಎತ್ತಿ ನಿಲ್ಲಿಸೋದು ನಮ್ಮೂರ ಅಭ್ಯಾಸ. ಒಂದು ಕಾಲು ಗಿಡ್ಡವಾದಂತೆ ಕಂಡು, ಪಾದ ಹೊರಕ್ಕೆ ತಿರುಗಿಕೊಂಡಿದ್ದರೆ ಸೊಂಟದ ಹತ್ತಿರ ಮೂಳೆ ಮುರಿದಿರೋ ಸಂಭವ ಹೆಚ್ಚು. ಆಗ ಅಲುಗಾಡಿಸದೆ ಕಂಬಳಿ ಹೊದಿಸಿ 108ಕ್ಕೆ ಫೋನ್ ಮಾಡಬೇಕು. ಈ ಆಂಬ್ಯುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅದಕ್ಕೂ ಮುಂಚೆ ನಾವು ಎತ್ತಿನ ಗಾಡೀಲಿ, ಟೆಂಪೋದಲ್ಲಿ ಬಾಣಂತಿಯರನ್ನ ಸಾಗಿಸಿದ್ದು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತೆ. 108ರವರಿಗೆ ಹೇಳೋ ಗುರುತನ್ನ, ಅಂದರೆ ಬಿಡದಿ ಕಡೆಯಿಂದ ಬಂದರೆ ಯಾವ ಗುಡಿ, ಯಾವ ತಿರುವು ಅನ್ನೋದನ್ನ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಗೋಡೆಗೆ ಅಂಟಿಸು. ಗಾಬರೀಲಿ ಸ್ವಂತ ಮನೆ ದಾರಿಯೇ ಬಾಯಿಗೆ ಬರಲ್ಲ.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಅಮೆರಿಕದಲ್ಲಿ ಹೃದಯದ ಬಲ ಕುಂದಿದ 1,653 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2010ರಲ್ಲಿ ಹೊರಬಂತು. ಅರ್ಧ ಜನಕ್ಕೆ ದಿನಾ ಒಂದು ಸ್ವಯಂಚಾಲಿತ ಫೋನ್ ವ್ಯವಸ್ಥೆಗೆ ತಮ್ಮ ತೂಕ, ಏದುಸಿರು, ಕಾಲೂತ ಹೇಳೋ ಏರ್ಪಾಡು ಮಾಡಿದ್ದರು. ಆಸ್ಪತ್ರೆ ಸೇರೋದೂ ತಪ್ಪಲಿಲ್ಲ, ಸಾವೂ ಕಡಿಮೆಯಾಗಲಿಲ್ಲ. 2018ರಲ್ಲಿ ಜರ್ಮನಿಯ ಅಧ್ಯಯನ ಬಂತು, 1,571 ಜನರದ್ದು. ಅಲ್ಲಿ ಮನೆಯಿಂದ ದಿನಾ ತೂಕ, ಬಿಪಿ, ಇಸಿಜಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಗೆ ಹೋಗ್ತಿತ್ತು. ಅಲ್ಲಿ ಡಾಕ್ಟರು, ನರ್ಸುಗಳು ಹಗಲೂ ರಾತ್ರಿ ಕೂತು ನೋಡಿ, ರೋಗಿಗೆ ಫೋನ್ ಮಾಡಿ, ಮಾತ್ರೆ ಹೆಚ್ಚು ಕಡಿಮೆ ಮಾಡ್ತಿದ್ದರು. ಆಸ್ಪತ್ರೇಲಿ ಕಳೆಯೋ ದಿನಗಳೂ ಇಳಿದವು, ಸಾವೂ ಇಳಿಯಿತು. ಎರಡೂ ಕಡೆ ಮನೇಲಿ ಅಳೆಯೋದು ನಡೀತು. ಜರ್ಮನೀಲಿ ಆ ಲೆಕ್ಕ ನೋಡಿ ಕೂಡಲೇ ಕೈ ಹಾಕೋ ಜನ ಇದ್ದರು.

ನಮ್ಮಲ್ಲೂ ಇಂಥದ್ದಿದೆ. 2002ರಲ್ಲೇ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೇಲಿ ತೆಗೆದ ಇಸಿಜಿಯನ್ನ ಜಯದೇವದಂಥ ದೊಡ್ಡ ಆಸ್ಪತ್ರೆಯ ಡಾಕ್ಟರು ಅಲ್ಲಿಂದಲೇ ನೋಡ್ತಾರೆ. ಹೃದಯಾಘಾತ ಅಂತ ಗೊತ್ತಾದರೆ ರಕ್ತದ ಹೆಪ್ಪು ಕರಗಿಸೋ ದುಬಾರಿ ಇಂಜೆಕ್ಷನ್ನನ್ನ ಅಲ್ಲೇ ಉಚಿತವಾಗಿ ಕೊಡ್ತಾರೆ. ನಿಮ್ಮಪ್ಪನಿಗೆ ಎದೆ ಹಿಂಡಿದರೆ, ಬೆವರಿದರೆ, ಕೈಗಡಿಯಾರದ ಆಪ್‌ನಲ್ಲಿ ಏನು ತೋರಿಸ್ತು ಅಂತ ಹುಡುಕ್ತಾ ಕೂರಬೇಡ. ಇಸಿಜಿ ತೆಗೆಯೋ ಆಸ್ಪತ್ರೆಗೆ ಮೊದಲು ಸಾಗಿಸು. ಅಂಥದ್ದು ಹತ್ತಿರದಲ್ಲಿ ಎಲ್ಲಿದೆ, ರಾತ್ರಿ ಹೊತ್ತು ಯಾರಿರ್ತಾರೆ ಅಂತ ಈ ಸಲ ಬಂದಾಗಲೇ ವಿಚಾರಿಸಿಟ್ಟುಕೊ.

ಎರಡನೇ ಮಾತು ಸ್ವಲ್ಪ ಕಷ್ಟದ್ದು. ಅವರನ್ನ ಕೇಳಿದೆಯಾ? ನಿಮ್ಮವ್ವ ನನ್ನ ಹತ್ತಿರ ಹೇಳಿದ್ದು ಸೆನ್ಸರಿನ ಸಂತೋಷ ಅಷ್ಟೇ ಅಲ್ಲ. "ನಡುಮನೇಲಿ ಕ್ಯಾಮೆರಾ ಹಾಕಿದರೆ ನಾನು ಸೀರೆ ಎಲ್ಲಿ ಉಟ್ಕೊಳ್ಲಿ ಅಕ್ಕಾ" ಅಂದಳು. ಒಂದು ಕೋಣೆ, ಒಂದು ನಡುಮನೆ ಇರೋ ಮನೇಲಿ ನಡುಮನೆಯೇ ಮಲಗೋ ಜಾಗ, ಅದೇ ಬಟ್ಟೆ ಬದಲಾಯಿಸೋ ಜಾಗ. ಬೆಂಗಳೂರಲ್ಲಿ ಕೂತಿರೋ ಮಗ ನೋಡ್ತಿದ್ದಾನೆ, ಸೊಸೆ ನೋಡ್ತಿದ್ದಾಳೆ ಅಂತ ತಲೇಲಿ ಕೂತುಬಿಟ್ಟರೆ ಸ್ವಂತ ಮನೇಲೇ ಮೈ ಮುದುರಿಕೊಂಡು ಬದುಕಬೇಕಾಗುತ್ತೆ. ಕ್ಯಾಮೆರಾ ಬೇಕೇ ಬೇಕು ಅಂದರೆ ಜಗಲಿಗೆ ಹಾಕು, ಬೀದಿ ಬಾಗಿಲ ಕಡೆ ಮುಖ ಮಾಡು. ಒಳಗೆ ಬೇಡ. ಮೈಕಿಲ್ಲದ, ಚಿತ್ರ ತೆಗೆಯದ ಸಾಮಾನು ಬೇಕಾದಷ್ಟಿವೆ. ಬಾಗಿಲ ಸೆನ್ಸರ್ ಅಂದರೆ ಒಂದು ಚೂರು ಅಯಸ್ಕಾಂತ, ಎದುರಿಗೊಂದು ಪುಟ್ಟ ಸ್ವಿಚ್ಚು, ಅಷ್ಟೇ. ದಿನಾ ಬೆಳಗ್ಗೆ ಆರಕ್ಕೆ ಕೊಟ್ಟಿಗೆ ಕಡೆ ಬಾಗಿಲು ತೆಗೆಯೋಳು ಏಳೂವರೆಯಾದರೂ ತೆಗೆದಿಲ್ಲ ಅಂತ ನಿನಗೆ ಮೆಸೇಜ್ ಬಂದರೆ ಸಾಕು, ನೀನು ಫೋನ್ ಮಾಡ್ತೀಯ. ಅವರ ಮಾನವೂ ಉಳಿಯಿತು, ನಿನ್ನ ಚಿಂತೆಯೂ ಕಳೆಯಿತು. ಮರೆವಿನ ಕಾಯಿಲೆ ಇರೋ ಹಿರಿಯರ ಮನೇಲಿ ಇದೇ ಸೆನ್ಸರ್ ರಾತ್ರಿ ಬಾಗಿಲು ತೆರೆದ ಕೂಡಲೇ ಪಕ್ಕದಲ್ಲಿ ಮಲಗಿದವರನ್ನ ಎಬ್ಬಿಸುತ್ತೆ. ಕೆರೆ ದಂಡೆಯ ಊರು ನಮ್ಮದು, ಕತ್ತಲಲ್ಲಿ ಎದ್ದು ಹೋದವರನ್ನ ಹುಡುಕೋ ಕಷ್ಟ ನಾನು ಕಂಡಿದ್ದೀನಿ. ಇನ್ನು ಈ ಸಾಮಾನುಗಳು ಕೂಡಿಹಾಕೋ ವಿವರ ಅವರದ್ದು, ನಿನ್ನದಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಕೂಡ ಒಪ್ಪಿಗೆಯ ಮಾತನ್ನೇ ಆಡುತ್ತೆ. ಯಾವ ಆಪ್‌ಗೆ ಏನು ಹೋಗುತ್ತೆ ಅಂತ ಅವ್ವನಿಗೆ ಅರ್ಥವಾಗೋ ಹಾಗೆ ಹೇಳು. ಡಬ್ಬಿ ಜೊತೆ ಬಂದ ಪಾಸ್‌ವರ್ಡನ್ನ ಅವತ್ತೇ ಬದಲಾಯಿಸು.

ಅವರಿಗೆ ಅರ್ಥವಾಗಲ್ಲ ಅಂತ ಅನ್ನಬೇಡ. ನಿಮ್ಮಪ್ಪ ರೇಷ್ಮೆ ಹುಳು ಸಾಕಿ ನಿನ್ನನ್ನ ಇಂಜಿನಿಯರಿಂಗ್ ಓದಿಸಿದವರು. ಹುಳುಮನೆಯ ಗೋಡೇಲಿ ಒದ್ದೆ-ಒಣ ಥರ್ಮಾಮೀಟರ್ ನೇತುಹಾಕಿ, ಚಾಕಿ ಹುಳುವಿಗೆ 27-28 ಡಿಗ್ರಿ ಶಾಖ, ತೇವ 85ರ ಮೇಲೆ, ದೊಡ್ಡ ಹುಳುವಾದ ಮೇಲೆ 24-25 ಡಿಗ್ರಿ, ತೇವ 70ರ ಸುಮಾರು ಅಂತ ರಾತ್ರಿ ಎದ್ದೆದ್ದು ನೋಡಿದ ಕಣ್ಣು ಅವು. ತೇವದ ಅಂಕಿ ಇಳಿದರೆ ಒದ್ದೆ ಗೋಣಿ ತೂಗುಹಾಕ್ತಿದ್ದರು, ಚಳಿ ಹತ್ತಿದರೆ ಇದ್ದಿಲ ಒಲೆ ಇಡ್ತಿದ್ದರು. ಅಂಕಿ ನೋಡಿದ ಮೇಲೆ ಕೈ ಆಡಿಸಬೇಕು ಅನ್ನೋ ವಿದ್ಯೆ ನಿನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹುಳುಮನೆಗೆ ನಾವು ಮಾಡಿದ ಹಾಗೇ ಈಗ ಈ ಮನೆಗೆ ಮಾಡೋದು ಅಂತ ಶುರುಮಾಡು, ಅವರೇ ನಿನಗೆ ಎಲ್ಲಿ ಏನು ಹಾಕಬೇಕು ಅಂತ ಹೇಳ್ತಾರೆ.

ಈಗ ಬಚ್ಚಲು. ನಿನ್ನ ಹತ್ತಿರ ಇರೋ ದುಡ್ಡೆಲ್ಲ ಮೊದಲು ಅಲ್ಲಿಗೆ ಸುರಿ. ಗಾರೆ ಮಾಡಿದ ಒರಟು ನೆಲ, ಗೋಡೆಗೆ ಗಟ್ಟಿಯಾಗಿ ಕೂರಿಸಿದ ಉಕ್ಕಿನ ಹಿಡಿ, ಕೂತು ಸ್ನಾನ ಮಾಡೋಕೆ ಸ್ಟೂಲು, ಎತ್ತರದ ಹೊಸಲಿದ್ದರೆ ಅದನ್ನ ಒಡೆಸೋದು. ಇವ್ಯಾವುದಕ್ಕೂ ವೈಫೈ ಬೇಡ. ಬೀಳೋದನ್ನ ಹೇಳೋ ಸಾಮಾನಿಗಿಂತ ಬೀಳದ ಹಾಗೆ ಮಾಡೋದು ಮೇಲು. ಆಮೇಲೆ ಮಂಚದಿಂದ ಬಚ್ಚಲಿನ ತನಕ ಮನುಷ್ಯ ಅಲುಗಾಡಿದರೆ ತಾನೇ ಹೊತ್ತಿಕೊಳ್ಳೋ ದೀಪಗಳು. ಕೆಲವು ನೂರು ರೂಪಾಯಿಯ ಈ ದೀಪದಷ್ಟು ಉಪಕಾರದ ಸೆನ್ಸರ್ ನಾನು ಇನ್ನೊಂದು ಕಂಡಿಲ್ಲ. ಅದು ಮೈಯ ಶಾಖ ನೋಡಿ ಕೆಲಸ ಮಾಡೋದು. ಶೀಟಿನ ಮಾಡಿನ ಕೆಳಗೆ ಏಪ್ರಿಲ್ ಬಿಸಿಲಲ್ಲಿ ಕೋಣೆಯೇ ಮೈಯಷ್ಟು ಕಾದುಬಿಟ್ಟರೆ ಅದಕ್ಕೆ ಗೋಡೆ ಯಾವುದು, ಮನುಷ್ಯ ಯಾರು ಅಂತ ಸರಿಯಾಗಿ ತಿಳಿಯಲ್ಲ. ಅದಕ್ಕೇ ಬೇಸಿಗೇಲಿ ಒಂದು ಸಲ ಪರೀಕ್ಷೆ ಮಾಡು. ಬಿದ್ದದ್ದನ್ನ ಗುರುತಿಸೋಕೆ ಈಗ ರೇಡಾರ್ ಸೆನ್ಸರ್ ಬಂದಿವೆ, ಅವು ಚಿತ್ರ ತೆಗೆಯಲ್ಲ, ಕತ್ತಲಲ್ಲೂ ಕೆಲಸ ಮಾಡ್ತವೆ. ಬಚ್ಚಲಿಗೆ ಹಾಕೋದಾದರೆ ನೀರು, ಆವಿ ತಡೆಯೋ ಡಬ್ಬಿಯದ್ದೇ ತಗೊ. ಕೈಗಡಿಯಾರದ ಬಗ್ಗೆ ನನಗೆ ಹೆಚ್ಚು ನಂಬಿಕೆಯಿಲ್ಲ. ಹಾಲು ಕರೆಯುವಾಗ, ಸೀಮೆಹುಲ್ಲು ಕೊಯ್ಯುವಾಗ, ಸ್ನಾನಕ್ಕೆ ಹೋಗುವಾಗ ಬಿಚ್ಚಿಡ್ತಾರೆ. ಅವರು ಬೀಳೋದೂ ಆಗಲೇ.

ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಈ ಭಾನುವಾರವೇ ಅದನ್ನ ಹೊರಗೋಡೆಗೆ ಹಾಕಿಸು, ಬೇರೆ ಎಲ್ಲ ಕೆಲಸ ಹಿಂದಕ್ಕಿರಲಿ. ಕದ ಹಾಕಿದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂರೋ ಜಾಗಾನ ಅದು ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡ್ಕೊಂಡುಬಿಡುತ್ತೆ. ತಲೆ ಸುತ್ತು ಬಂತು ಅನ್ನೋ ಹೊತ್ತಿಗೆ ಚಿಲಕ ತೆಗೆಯೋ ಶಕ್ತಿ ಇರಲ್ಲ. ಮುಚ್ಚಿದ ಕೋಣೇಲಿ ಇದ್ದಿಲ ಒಲೆ ಇಟ್ಟುಕೊಂಡು ಮಲಗಿದರೂ ಇದೇ ಗತಿ. ಇನ್ನೊಂದು ವಿಚಾರ ಬಹಳ ಜನಕ್ಕೆ ಗೊತ್ತಿಲ್ಲ: ಬೆರಳಿಗೆ ಹಾಕೋ ಆಕ್ಸಿಮೀಟರ್ ಈ ವಿಷವನ್ನೂ ಪ್ರಾಣವಾಯು ಅಂತಲೇ ಎಣಿಸಿ 98, 99 ತೋರಿಸಬಹುದು. ಅದನ್ನ ನಂಬಿ ಕೂರಬಾರದು, ಗಾಳಿಗೆ ಎಳೆದು ತಂದು ಆಸ್ಪತ್ರೆಗೆ ಹೊರಡಬೇಕು. ಈ ವಿಷಕ್ಕೆ ಬೇರೆ ಸೆನ್ಸರ್, ಸಿಲಿಂಡರ್ ಸೋರಿಕೆಗೆ ಬೇರೆ ಸೆನ್ಸರ್. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತೆ. ಆ ಸೆನ್ಸರನ್ನ ಅಟ್ಟದ ಹತ್ತಿರ ಹಾಕಿದ ಮನೆಗಳಿವೆ, ಅಲ್ಲಿ ಅದು ಕೂಗೋ ಹೊತ್ತಿಗೆ ತಡವಾಗಿರುತ್ತೆ. ಮೊಣಕಾಲಿನ ಕೆಳಗೆ ಹಾಕಿಸು. ಅದು ಕೂಗಿದರೆ ದೀಪದ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು ಅಂತ ಅವ್ವನಿಂದ ಬಾಯಿಪಾಠ ಹೇಳಿಸು.

ನಮ್ಮೂರಿನ ನೀರಿನ ಸಂಗತಿ ನಿನಗೆ ನಾನು ಹೇಳಬೇಕಾ? ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತು ವೃಷಭಾವತಿ ನಮ್ಮ ಕೆರೆಗೆ ತಂದು ಸುರೀತಾಳೆ. ನೊರೆ, ನಾತ, ಸೊಳ್ಳೆ ಮೂರೂ ನಮ್ಮ ಪಾಲಿಗೆ. ಅದರ ಮಧ್ಯೆ ನೀನು ನೀರಿಗೆ ಅಂತ ಒಂದು ಟಿಡಿಎಸ್ ಮೀಟರ್ ತರಿಸಿದ್ದೀಯ. ಅದು ನೀರಲ್ಲಿ ಕರಗಿದ ಉಪ್ಪುಗಳನ್ನ ವಿದ್ಯುತ್ ಹರಿಯೋ ಲೆಕ್ಕದಲ್ಲಿ ಅಂದಾಜು ಮಾಡುತ್ತೆ, ಅಷ್ಟೇ. 500ರ ಒಳಗೆ ತೋರಿಸಿದ ನೀರಲ್ಲೂ ವಾಂತಿಭೇದಿಯ ಕ್ರಿಮಿ ಇರಬಹುದು, ಸೀಸ, ಕ್ರೋಮಿಯಂ ಇರಬಹುದು. ಕುದಿಸಿದರೆ ಕ್ರಿಮಿ ಸಾಯುತ್ತೆ, ಲೋಹ ಹೋಗಲ್ಲ. ಕೊಳವೆಬಾವಿ ನೀರನ್ನ ಶೀಸೇಲಿ ತಗೊಂಡು ಪ್ರಯೋಗಾಲಯದಲ್ಲಿ ಲೋಹಗಳಿಗೂ ಸೇರಿಸಿ ಪರೀಕ್ಷೆ ಮಾಡಿಸು, ಆ ಕಾಗದವೇ ನಿಜವಾದ ಮೀಟರು. ಗಾಳಿಯ ಸೆನ್ಸರೂ ಹಾಗೇ. ದೂಳು, ಹೊಗೆ ಅಳೆಯೋ ಡಬ್ಬಿಗೆ ಕೆರೆಯ ನಾತ ಗೊತ್ತಾಗಲ್ಲ. ಕೊಳೆತ ನೀರಿಂದ ಏಳೋ ಹೈಡ್ರೋಜನ್ ಸಲ್ಫೈಡ್ ಬೆಳ್ಳಿ, ತಾಮ್ರವನ್ನ ಕಪ್ಪು ಮಾಡುತ್ತೆ. ನಿನ್ನ ಸೆನ್ಸರಿನ ಒಳಗಿರೋದೂ ತಾಮ್ರವೇ. ಅದಕ್ಕೇ ತಿಂಗಳಿಗೊಂದು ದಿನ ಎಲ್ಲದರ ಟೆಸ್ಟ್ ಗುಂಡಿ ಒತ್ತಿ ನೋಡೋ ಅಭ್ಯಾಸ ಇರಲಿ. ಅಮಾವಾಸ್ಯೆ ಅಂತ ಗೊತ್ತುಮಾಡಿದರೆ ಅವ್ವ ಮರೆಯಲ್ಲ.

ಬಿಪಿ ಮಷೀನು ತರಿಸಿ ಒಳ್ಳೆ ಕೆಲಸ ಮಾಡಿದೆ. ಆದರೆ ಮಣಿಕಟ್ಟಿಗೆ ಕಟ್ಟೋದು ಬೇಡ, ತೋಳಿಗೆ ಕಟ್ಟೋದೇ ಇರಲಿ. ಅಪ್ಪನ ತೋಳು ದಪ್ಪ, ಟೇಪಿನಲ್ಲಿ ಅಳೆದು ಸರಿಯಾದ ಪಟ್ಟಿ ತಗೊ. ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿ ಇದೆ ಅಂತ ತೋರಿಸುತ್ತೆ. ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿಯೋ ಮೊದಲು, ಮಾತ್ರೆ ನುಂಗೋ ಮೊದಲು, ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಮಟ್ಟಕ್ಕೆ ಮೇಜಿನ ಮೇಲೆ. ಆ ಹೊತ್ತಲ್ಲಿ ಫೋನ್ ಮಾಡಿ ಮಾತಾಡಿಸಬೇಡ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಮನೆಯಲ್ಲಿ 135/85ರ ಮೇಲೆ ದಿನದಿನವೂ ಬರ್ತಿದ್ದರೆ ಡಾಕ್ಟರಿಗೆ ತೋರಿಸು, ಒಂದು ದಿನದ ಅಂಕಿಗೆ ಗಾಬರಿ ಬೀಳಬೇಡ, ಮಾತ್ರೆಯನ್ನ ನೀನೇ ಏರಿಸಬೇಡ. ಶುಗರ್ ನೋಡೋವಾಗ ಕೈ ತೊಳೆದು ಒರೆಸಿಕೊಳ್ಳಬೇಕು. ಮಾವಿನಹಣ್ಣು ಮುಟ್ಟಿದ ಬೆರಳಲ್ಲಿ ಶುಗರ್ ಆಕಾಶಕ್ಕೇರುತ್ತೆ. 70ರ ಕೆಳಗೆ ಬಂದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು. ತೋಳಿಗೆ ಅಂಟಿಸೋ ಶುಗರ್ ಸೆನ್ಸರ್ ಇನ್ಸುಲಿನ್ ತಗೊಳ್ಳೋರಿಗೆ ಸರಿ, ಬರೀ ಮಾತ್ರೆ ನುಂಗೋ ಅವ್ವನಿಗೆ ಎರಡು ವಾರಕ್ಕೊಮ್ಮೆ ಅಷ್ಟು ದುಡ್ಡು ಬೇಡ. ಈ ಅಂಕಿಗಳನ್ನ ಆಪ್‌ನಲ್ಲಿ ಇಟ್ಟುಕೊ, ಜೊತೆಗೆ ಒಂದು ನೋಟ್‌ಬುಕ್ಕಿನಲ್ಲೂ ಬರೆಸು. ಮನೆಗೆ ಬರೋ ಆಶಾ ಕಾರ್ಯಕರ್ತೆ, ಬಿಡದಿಯ ಡಾಕ್ಟರು ನಿನ್ನ ಆಪ್ ತೆರೆದು ನೋಡಲ್ಲ, ಪುಸ್ತಕ ನೋಡ್ತಾರೆ. ಕಾಯಿಲೆ ಸಣ್ಣದಾದರೆ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಸರ್ಕಾರಿ ಡಾಕ್ಟರ ಹತ್ತಿರ ಮಾತಾಡಬಹುದು, ಆಗಲೂ ಆ ಪುಸ್ತಕವೇ ಕೈಲಿರಲಿ.

ಹಾಸಿಗೆ ಕೆಳಗೆ ಇಡೋ ಹಾಳೆಯ ಬಗ್ಗೆ ಕೇಳಿದ್ದೆಯಲ್ಲ. ಬೆಂಗಳೂರಿನ ಡೋಜೀ ಅನ್ನೋ ಕಂಪನಿ ಅಂಥದ್ದು ಮಾಡುತ್ತೆ. ಹೃದಯ ರಕ್ತ ತಳ್ಳಿದಾಗಲೆಲ್ಲ ಮೈಯಲ್ಲಿ ಏಳೋ ಸಣ್ಣ ಅದುರನ್ನ ಹಿಡಿದು, ಮೈಗೆ ಏನೂ ಅಂಟಿಸದೆ ನಾಡಿ, ಉಸಿರು ಎಣಿಸುತ್ತೆ. ಕೋವಿಡ್ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಬಳಸಿದರು. ಒಳ್ಳೆಯದೇ. ಅಪ್ಪ ರಾತ್ರಿ ಮೂರು ಗಂಟೆ ಮಾತ್ರ ನಿದ್ದೆ ಮಾಡಿದರು ಅಂತ ಇಂಥ ಸಾಮಾನು ನಿನಗೆ ಹೇಳಬಹುದು. ಯಾಕೆ ಅಂತ ಹೇಳಲ್ಲ. ಬಿಡದಿ ಟೌನ್‌ಶಿಪ್ಪಿಗೆ ಜಮೀನು ಹೋಗುತ್ತೆ ಅಂತ ಸುದ್ದಿ ಬಂದಾಗಿನಿಂದ ಈ ಸುತ್ತಿನ ಎಷ್ಟೋ ಮನೇಲಿ ಮುದುಕರು ನಿದ್ದೆ ಬಿಟ್ಟಿದ್ದಾರೆ. ಪರಿಹಾರ ಎಷ್ಟು ಬರುತ್ತೆ ಅನ್ನೋದಲ್ಲ ಅವರ ಚಿಂತೆ, ಬೆಳಗ್ಗೆ ಎದ್ದು ಎಲ್ಲಿಗೆ ಹೋಗೋದು ಅನ್ನೋದು. ನಿನ್ನ ಫೋನಿಗೆ ಆ ಮೂರು ಗಂಟೆಯ ಲೆಕ್ಕ ಬಂದ ದಿನ ಅಪ್ಪನಿಗೆ ಫೋನ್ ಮಾಡು. ನಿದ್ದೆಯ ಮಾತು ಎತ್ತಬೇಡ, ತೋಟದ ಮಾತು ಎತ್ತು. ಅವರೇ ಬಿಚ್ಚಿ ಹೇಳ್ತಾರೆ.

ಕರೆಂಟಿನ ವಿಚಾರ ನೀನು ಬಲ್ಲೆ. ಗಾಳಿಮಳೆ ಬಂದರೆ ಕಂಬ ಬೀಳುತ್ತೆ, ಕರೆಂಟ್ ಹೋದರೆ ವೈಫೈ ಹೋಗುತ್ತೆ, ಎಲ್ಲ ಸೆನ್ಸರೂ ಒಟ್ಟಿಗೆ ಮೂಕವಾಗ್ತವೆ. ರೌಟರಿಗೊಂದು ಸಣ್ಣ ಯುಪಿಎಸ್ ಹಾಕು, ವೈಫೈ ಹೋದರೆ ಸಿಮ್ಮಿನಲ್ಲಿ ಮೆಸೇಜ್ ಕಳಿಸೋ ಡಬ್ಬಿ ಸಿಕ್ಕರೆ ಅದನ್ನೇ ತಗೊ. ಮನೆಯಿಂದ ಇಷ್ಟು ಹೊತ್ತು ಸುದ್ದಿಯೇ ಇಲ್ಲ ಅಂತಲೂ ಅದು ನಿನಗೆ ತಿಳಿಸೋ ಹಾಗಿರಬೇಕು. ಹಳೇ ವೈರಿಂಗಿನ ಮನೆ, ಒದ್ದೆ ಗೋಡೆ. ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ನೋಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿಯೋ ಸ್ವಿಚ್ಚು, ಹಾಕಿಸು. ಸೆನ್ಸರಿಗಿಂತ ಮುಂಚೆ ಅದು ಜೀವ ಉಳಿಸುತ್ತೆ. ಮಾತ್ರೆ ನೆನಪಿಸೋಕೆ ಇಂಗ್ಲಿಷಿನಲ್ಲಿ ಉಲಿಯೋ ಡಬ್ಬಿ ಬೇಡ. ನಿನ್ನ ಮಗಳ ಧ್ವನಿಯಲ್ಲಿ "ಅಜ್ಜಿ, ಮಾತ್ರೆ ತಗೊಂಡ್ರಾ" ಅಂತ ರೆಕಾರ್ಡ್ ಮಾಡಿ ಅವ್ವನ ಫೋನಿನ ಅಲಾರಂಗೆ ಹಾಕು.

ಎಲ್ಲ ಹಾಕಿಸಿದ ಮೇಲೆ ಸಂಜೆ ಹೊರಡೋ ಮೊದಲು ಒಂದು ಕೆಲಸ ಮಾಡು. ಬೀಗದ ಕೈ ಕೊಟ್ಟವರಿಗೆಲ್ಲ ಮೊದಲೇ ಹೇಳಿಟ್ಟು, ನೀನೇ ಬಚ್ಚಲ ನೆಲದ ಮೇಲೆ ಮಲಗಿ, ಬಿದ್ದದ್ದನ್ನ ಗುರುತಿಸೋ ಸೆನ್ಸರ್ ಕೂಗೋ ಹಾಗೆ ಮಾಡು. ಮೆಸೇಜ್ ಯಾರ್ಯಾರಿಗೆ ಹೋಯ್ತು, ಯಾರ ಫೋನ್ ಸೈಲೆಂಟಲ್ಲಿತ್ತು, ಹಿಂಬಾಗಿಲ ಬೀಗ ತುಕ್ಕು ಹಿಡಿದಿದೆಯಾ, ಒಳಚಿಲಕ ಹೊರಗಿಂದ ತೆಗೆಯೋಕೆ ಬರುತ್ತಾ, ಎಲ್ಲ ಗೊತ್ತಾಗುತ್ತೆ. ಗಡಿಯಾರ ನೋಡ್ಕೊ. ಹತ್ತು ನಿಮಿಷದಲ್ಲಿ ಯಾರೂ ನಿನ್ನ ಪಕ್ಕ ಬಂದು ನಿಲ್ಲದಿದ್ದರೆ ಎದುರುಮನೆಯವರಿಗೂ ಒಂದು ಬೀಗದ ಕೈ ಮಾಡಿಸಿ ಕೊಟ್ಟು, ಅವರಿದ್ದಾಗ ಇನ್ನೊಂದು ಸಲ ನೋಡಿ ಹೊರಡು.